ಓದುಗರ ಪ್ರಶ್ನೆ: ಅಮೆರಿಕದ ಕಾಂಗ್ರೆಸ್ ಅಭ್ಯರ್ಥಿಯ ನಿಲುವನ್ನು ತೂಗುವುದು ಹೇಗೆ?

ಪ್ರಶ್ನೆ: ನಾನು ಅಮೆರಿಕದ ಪೌರತ್ವ ಪಡೆದು ಒಂದು ವರ್ಷವಾಯಿತು, ಮುಂದಿನ ಚುನಾವಣೆಯಲ್ಲಿ ಮೊದಲ ಬಾರಿಗೆ ಮತ ಹಾಕಲಿದ್ದೇನೆ. ನಮ್ಮ ಕ್ಷೇತ್ರದಿಂದ ಪ್ರತಿನಿಧಿ ಸಭೆಗೆ ಸ್ಪರ್ಧಿಸುತ್ತಿರುವ ಒಬ್ಬರು ಮತದಾರರ ಸಭೆಯಲ್ಲಿ ಮೂರು ಮಾತು ಕೊಟ್ಟರು. ಭಾರತೀಯರು ಗ್ರೀನ್ ಕಾರ್ಡಿಗಾಗಿ (ಅಮೆರಿಕದಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ) ಕಾಯುವ ಸರದಿಯನ್ನು ಕೊನೆಗಾಣಿಸುತ್ತಾರಂತೆ, ಸೋಶಿಯಲ್ ಸೆಕ್ಯುರಿಟಿಯನ್ನು (ಸರ್ಕಾರಿ ಪಿಂಚಣಿ ಯೋಜನೆ) ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತಾರಂತೆ, ಮನೆಯ ಆಸ್ತಿ ತೆರಿಗೆಯ ಹೊರೆಯನ್ನು ಇಳಿಸುತ್ತಾರಂತೆ. ಈ ಮಾತುಗಳನ್ನು ಎಷ್ಟರಮಟ್ಟಿಗೆ ನಂಬಬಹುದು?
— ನ್ಯೂಜೆರ್ಸಿಯ ಓದುಗರು

ಉತ್ತರ: ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಎರಡು ಸದನಗಳಿವೆ: ಪ್ರತಿನಿಧಿ ಸಭೆ ಮತ್ತು ಸೆನೆಟ್. ನೀವು ಆರಿಸುವವರು ಪ್ರತಿನಿಧಿ ಸಭೆಯ 435 ಸದಸ್ಯರಲ್ಲಿ ಒಬ್ಬರು, ಅದೂ ಎರಡೇ ವರ್ಷದ ಅವಧಿಗೆ. ಸಭೆಯ ಎಲ್ಲ ಸದಸ್ಯರೂ ಮತ ಹಾಕಿದರೆ ಮಸೂದೆಯೊಂದು ಗೆಲ್ಲಲು 218 ಮತ ಬೇಕು. ಆಮೇಲೆ ಅದು ನೂರು ಜನರ ಸೆನೆಟ್ಟಿನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಬರಲು ಸಾಮಾನ್ಯವಾಗಿ 60 ಜನರ ಒಪ್ಪಿಗೆ ಬೇಕು. ಕೊನೆಗೆ ಅಧ್ಯಕ್ಷರ ಅಂಕಿತವಾಗಬೇಕು. ಆದ್ದರಿಂದ ಅಭ್ಯರ್ಥಿಯ ಆಸೆ ಏನೆಂಬುದಕ್ಕಿಂತ, ಆ ಆಸೆಯನ್ನು ಯಾವ ಕಾನೂನಿನ ಯಾವ ಭಾಗವನ್ನು ಬದಲಿಸಿ ನೆರವೇರಿಸುತ್ತಾರೆ ಎಂಬುದೇ ನಿಮಗೆ ಮುಖ್ಯವಾಗಬೇಕು. ನಿಮ್ಮ ಮೂರೂ ವಿಷಯಗಳನ್ನು ಈ ಕಣ್ಣಿನಿಂದಲೇ ನೋಡೋಣ.

ಗ್ರೀನ್ ಕಾರ್ಡಿನ ಸರದಿ ಇಷ್ಟು ಉದ್ದವಾಗಲು ಮುಖ್ಯ ಕಾರಣ 1990ರ ವಲಸೆ ಕಾನೂನು. ಅದು ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳನ್ನು ನಿಗದಿಪಡಿಸಿತು. ಉದ್ಯೋಗಿಯ ಪತಿ ಅಥವಾ ಪತ್ನಿ ಮತ್ತು ಮಕ್ಕಳನ್ನೂ ಈ ಲೆಕ್ಕದೊಳಗೇ ಹಿಡಿಯಲಾಗುತ್ತದೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಸಿಗುವಂತಿಲ್ಲ. ಅರ್ಜಿದಾರರ ಸಂಖ್ಯೆ ಅಪಾರವಾಗಿರುವ ಭಾರತಕ್ಕೂ ಬೆರಳೆಣಿಕೆಯ ಅರ್ಜಿಗಳು ಬರುವ ಪುಟ್ಟ ದೇಶಕ್ಕೂ ಮಿತಿ ಒಂದೇ ಆದುದರಿಂದ ನಮ್ಮವರ ಸರದಿ ದಶಕಗಳಷ್ಟು ಬೆಳೆದಿದೆ. ಈ ಮಿತಿಯನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಪ್ರತಿನಿಧಿ ಸಭೆಯಲ್ಲಿ 365ಕ್ಕೆ 65 ಮತಗಳಿಂದ ಗೆದ್ದಿತು. ಎರಡೂ ಪಕ್ಷದವರು ಕೈಜೋಡಿಸಿದ್ದರು. ಸೆನೆಟ್ 2020ರ ಡಿಸೆಂಬರಿನಲ್ಲಿ ತನ್ನದೇ ಬೇರೆ ರೂಪವನ್ನು ಅಂಗೀಕರಿಸಿತು. ಎರಡು ರೂಪಗಳನ್ನು ಹೊಂದಿಸುವ ಮೊದಲೇ ಆ ಕಾಂಗ್ರೆಸ್ಸಿನ ಅವಧಿ ಮುಗಿದು ಎರಡೂ ಬಿದ್ದುಹೋದವು. ಅಷ್ಟು ದೊಡ್ಡ ಬಹುಮತವಿದ್ದೂ ದಡ ಸೇರದ ಕೆಲಸವಿದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಅಭ್ಯರ್ಥಿಯ ಮಾತನ್ನು ಕೇಳಬೇಕು.

ಅವರನ್ನು ಕೇಳಬೇಕಾದ ಪ್ರಶ್ನೆ ಇದು: ನೀವು ದೇಶವಾರು ಮಿತಿಯನ್ನು ಮಾತ್ರ ತೆಗೆಯುತ್ತೀರೋ, ಒಟ್ಟು ಸಂಖ್ಯೆಯನ್ನೂ ಹೆಚ್ಚಿಸುತ್ತೀರೋ? ಮಿತಿಯನ್ನಷ್ಟೇ ತೆಗೆದರೆ ಬೇರೆ ದೇಶಗಳಿಂದ ಬಂದವರ ಕಾಯುವಿಕೆ ಉದ್ದವಾಗುತ್ತದೆ, ಅಂದಿನ ಮಸೂದೆಗೆ ಬಂದ ದೊಡ್ಡ ಆಕ್ಷೇಪವೂ ಅದೇ. ಸಂಖ್ಯೆಯನ್ನು ಹೆಚ್ಚಿಸುತ್ತೇನೆಂದರೆ ವಲಸೆಯನ್ನು ಕಡಿಮೆ ಮಾಡಬೇಕೆನ್ನುವ ಮತದಾರರೂ ಅದೇ ಕ್ಷೇತ್ರದಲ್ಲಿದ್ದಾರೆ, ಅವರ ಮುಂದೆಯೂ ಇದೇ ಮಾತನ್ನು ಆಡಬೇಕಾಗುತ್ತದೆ. ಸರದಿಯಲ್ಲಿ ನಿಂತಿರುವ ನಮ್ಮ ಕುಟುಂಬಗಳ ಸಂಕಟವನ್ನು ನಾನು ಬಲ್ಲೆ; ತಂದೆತಾಯಿಯ ಅರ್ಜಿ ಬಾಕಿಯಿರುವಾಗಲೇ 21 ತುಂಬಿ ಅವಲಂಬಿತರ ಪಟ್ಟಿಯಿಂದ ಹೊರಬೀಳುವ ಮಕ್ಕಳ ಸ್ಥಿತಿ ಕರುಳು ಹಿಂಡುವಂಥದ್ದು. ಆದ್ದರಿಂದಲೇ ಈ ವಿಷಯದಲ್ಲಿ ತೇಲಿಸಿದ ಉತ್ತರವನ್ನು ಒಪ್ಪಿಕೊಳ್ಳಬೇಡಿರೆಂದು ಕೇಳಿಕೊಳ್ಳುತ್ತೇನೆ.

ಸೋಶಿಯಲ್ ಸೆಕ್ಯುರಿಟಿಯನ್ನು ಮುಟ್ಟುವುದಿಲ್ಲ ಎಂಬ ಮಾತು ಕಿವಿಗೆ ಹಿತವಾಗಿದೆ, ಆದರೆ ಸುಮ್ಮನಿರುವುದರ ಪರಿಣಾಮವೂ ಕಡಿತವೇ. ಅದರ ಟ್ರಸ್ಟಿಗಳ 2025ರ ವರದಿಯ ಅಂದಾಜಿನಂತೆ ನಿವೃತ್ತಿ ನಿಧಿಯ ಮೀಸಲು 2033ರಲ್ಲಿ ಬರಿದಾಗುತ್ತದೆ. ಆನಂತರ ಬರುವ ಆದಾಯದಿಂದ ನಿಗದಿತ ಪಿಂಚಣಿಯ ಶೇ. 77ರಷ್ಟನ್ನು ಮಾತ್ರ ಕೊಡಲು ಸಾಧ್ಯ. ಈಗ ನೌಕರರಿಂದ ಶೇ. 6.2, ಮಾಲೀಕರಿಂದ ಶೇ. 6.2 ವಸೂಲಾಗುತ್ತದೆ, ಆದರೆ 2025ರಲ್ಲಿ ವರ್ಷಕ್ಕೆ 1,76,100 ಡಾಲರಿನವರೆಗಿನ ಸಂಬಳದ ಮೇಲೆ ಮಾತ್ರ. ಈ ಮಿತಿಯನ್ನು ಏರಿಸುವುದು, ತೆರಿಗೆಯ ದರ ಹೆಚ್ಚಿಸುವುದು, ನಿವೃತ್ತಿಯ ವಯಸ್ಸನ್ನು ಮುಂದೂಡುವುದು, ಪಿಂಚಣಿಯ ಲೆಕ್ಕಾಚಾರ ಬದಲಿಸುವುದು, ಇಲ್ಲವೇ ಬೇರೆ ಹಣ ತಂದು ತುಂಬುವುದು, ದಾರಿಗಳಿರುವುದು ಇವೇ. 1983ರಲ್ಲಿ ಇಂಥದೇ ಬಿಕ್ಕಟ್ಟು ಬಂದಾಗ ಕಾಂಗ್ರೆಸ್ ನಿವೃತ್ತಿಯ ವಯಸ್ಸನ್ನು ಹಂತಹಂತವಾಗಿ 65ರಿಂದ 67ಕ್ಕೆ ಏರಿಸಿತು. 1960ರಲ್ಲಿ ಮತ್ತು ಅನಂತರ ಹುಟ್ಟಿದವರಿಗೆಲ್ಲ ಅದು ಅನ್ವಯಿಸುತ್ತದೆ. ನಿಮ್ಮ ಅಭ್ಯರ್ಥಿ ಇವುಗಳಲ್ಲಿ ಒಂದನ್ನೂ ಹೆಸರಿಸದಿದ್ದರೆ ಅವರು ಇನ್ನೂ ನಿಲುವು ತಳೆದಿಲ್ಲವೆಂದೇ ನನ್ನ ತಿಳಿವಳಿಕೆ.

ಆಸ್ತಿ ತೆರಿಗೆಯನ್ನು ಹಾಕುವುದು ನಿಮ್ಮ ಊರಿನ ಆಡಳಿತ, ಕೌಂಟಿ ಮತ್ತು ಶಾಲಾ ಜಿಲ್ಲೆ. ಕಾಂಗ್ರೆಸ್ಸಿಗೂ ಅದರ ದರಕ್ಕೂ ಸಂಬಂಧವಿಲ್ಲ. ಕಾಂಗ್ರೆಸ್ಸಿನ ಕೈಯಲ್ಲಿರುವುದು ಆ ತೆರಿಗೆಗೆ ಫೆಡರಲ್ ಆದಾಯ ತೆರಿಗೆಯಲ್ಲಿ ಕೊಡುವ ವಿನಾಯಿತಿ ಮಾತ್ರ. 2017ರ ಕಾನೂನು ರಾಜ್ಯ ಮತ್ತು ಸ್ಥಳೀಯ ತೆರಿಗೆಗಳ ವಿನಾಯಿತಿಗೆ 10,000 ಡಾಲರಿನ ಮಿತಿ ಹಾಕಿತು, 2025ರ ಕಾನೂನು ಅದನ್ನು 40,000ಕ್ಕೆ ಏರಿಸಿತು. 2030ರಲ್ಲಿ ಅದು ಮತ್ತೆ 10,000ಕ್ಕೆ ಇಳಿಯಬೇಕು. ಅಭ್ಯರ್ಥಿ ಹೇಳಿದ್ದು ಇದನ್ನೇ ಆಗಿದ್ದರೆ ಮಾತಿಗೆ ಅರ್ಥವಿದೆ.

ಪ್ರಶ್ನೆ: ಅಭ್ಯರ್ಥಿ ರಾಜಕೀಯಕ್ಕೆ ಹೊಸಬರು, ಎಲ್ಲಿಯೂ ಮತ ಹಾಕಿದ ದಾಖಲೆಯಿಲ್ಲ. ಅವರನ್ನು ಅಳೆಯುವುದು ಹೇಗೆ?
— ಟೆಕ್ಸಸ್‌ನ ಓದುಗರು

ಉತ್ತರ: ಅವರ ಹಣದ ಮೂಲವನ್ನು ನೋಡಿ. ಒಂದು ಚುನಾವಣಾ ಅವಧಿಯಲ್ಲಿ ಒಟ್ಟು 200 ಡಾಲರಿಗಿಂತ ಹೆಚ್ಚು ಕೊಟ್ಟವರ ಹೆಸರು, ವೃತ್ತಿ, ಉದ್ಯೋಗದಾತರ ವಿವರವನ್ನು ಫೆಡರಲ್ ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು. ಅದು ಸಾರ್ವಜನಿಕರಿಗೆ ಮುಕ್ತವಾಗಿದೆ. ಯಾವ ಸಮಿತಿಯಲ್ಲಿ ಸ್ಥಾನ ಕೇಳುತ್ತಾರೆಂದೂ ವಿಚಾರಿಸಿ: ವಲಸೆಯ ಮಸೂದೆಗಳು ನ್ಯಾಯಾಂಗ ಸಮಿತಿಗೂ, ತೆರಿಗೆ ಮತ್ತು ಸೋಶಿಯಲ್ ಸೆಕ್ಯುರಿಟಿಯ ಮಸೂದೆಗಳು ವೇಸ್ ಅಂಡ್ ಮೀನ್ಸ್ ಸಮಿತಿಗೂ ಹೋಗುತ್ತವೆ. ಕೆಲಸದ ಬಗ್ಗೆ ನಿಜವಾಗಿ ಯೋಚಿಸಿದವರಿಗೆ ಈ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.

ಪ್ರಶ್ನೆ: ನನ್ನ ತಾಯಿಯ ಬಳಿ ಗ್ರೀನ್ ಕಾರ್ಡ್ ಇದೆ. ಅವರ ಮಾತಿಗೂ ಅಭ್ಯರ್ಥಿ ಕಿವಿಗೊಡಬೇಕೇ? ಅವರು ಮತ ಹಾಕಬಹುದೇ?
— ಕ್ಯಾಲಿಫೋರ್ನಿಯಾದ ಓದುಗರು

ಉತ್ತರ: ಖಂಡಿತ ಮತ ಹಾಕಬಾರದು. ಫೆಡರಲ್ ಚುನಾವಣೆಯಲ್ಲಿ ಪೌರರಲ್ಲದವರು ಮತ ಹಾಕುವುದು ಅಪರಾಧ, ಗಡೀಪಾರಿಗೂ ಕಾರಣವಾಗಬಹುದು. ಯಾರಾದರೂ ನೋಂದಣಿಯ ಅರ್ಜಿ ಮುಂದಿಟ್ಟರೂ ಸಹಿ ಹಾಕದಂತೆ ತಾಯಿಯವರಿಗೆ ತಿಳಿಸಿ. ಗ್ರೀನ್ ಕಾರ್ಡ್ ಇರುವವರು ಕಾನೂನಿನ ಮಿತಿಯೊಳಗೆ ದೇಣಿಗೆ ಕೊಡಬಹುದು, ಸಭೆಗೆ ಹೋಗಿ ಪ್ರಶ್ನೆ ಕೇಳಬಹುದು. ಪ್ರತಿನಿಧಿ ಸಭೆಯ ಸ್ಥಾನಗಳ ಹಂಚಿಕೆಗೆ ಜನಗಣತಿಯಲ್ಲಿ ಎಣಿಸುವುದು ಮತದಾರರನ್ನಷ್ಟೇ ಅಲ್ಲ, ಅಲ್ಲಿ ವಾಸಿಸುವ ಎಲ್ಲರನ್ನೂ. ನಿಮ್ಮ ತಾಯಿಯೂ ಆ ಲೆಕ್ಕದಲ್ಲಿದ್ದಾರೆ. ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿರುವ ಸರ್ಕಾರಿ ಆರೋಗ್ಯ ವಿಮೆ), ವಲಸೆ ಇಲಾಖೆ ಮೊದಲಾದ ಕಡೆ ಕಾಗದಪತ್ರ ಸಿಕ್ಕಿಕೊಂಡಾಗ ಸದಸ್ಯರ ಕ್ಷೇತ್ರ ಕಚೇರಿ ವಿಚಾರಿಸಿ ಕೊಡುತ್ತದೆ. ಅದಕ್ಕೆ ನಿಮ್ಮ ತಾಯಿಯ ಲಿಖಿತ ಒಪ್ಪಿಗೆಯಷ್ಟೇ ಬೇಕು. ಗೆದ್ದ ಮೇಲೆ ಆ ಕಚೇರಿಯನ್ನು ಎಲ್ಲಿ ತೆರೆಯುತ್ತೀರಿ, ಈ ಕೆಲಸಕ್ಕೆ ಎಷ್ಟು ಜನರನ್ನು ನೇಮಿಸುತ್ತೀರಿ ಎಂಬ ಪ್ರಶ್ನೆಯನ್ನು ಮುಂದಿನ ಸಭೆಯಲ್ಲಿ ಅವರೇ ಎದ್ದುನಿಂತು ಕೇಳಲಿ.