ದೈತ್ಯ ತಳಿಯ ಮರಿ: ಕಾರಿಗೆ ಹತ್ತಿಸುವುದು ಹೇಗೆ, ಎಷ್ಟು ಓಡಿಸಬಹುದು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯಲ್ಲಿ ಐದು ತಿಂಗಳ ಗ್ರೇಟ್ ಡೇನ್ ಮರಿ ಇದೆ. ಈಗಲೇ 30 ಕೆ.ಜಿ. ದಾಟಿದೆ. ಇಷ್ಟು ದಿನ ಎತ್ತಿ ಕಾರಿನೊಳಗೆ ಕೂರಿಸುತ್ತಿದ್ದೆ. ಈಗ ನನ್ನ ಬೆನ್ನು ಹಿಡಿದುಕೊಳ್ಳುತ್ತಿದೆ. ತಾನಾಗಿ ಹತ್ತು ಅಂದರೆ ಹತ್ತುವುದಿಲ್ಲ, ಇಳಿಯುವಾಗ ಮಾತ್ರ ದಬಕ್ಕನೆ ಹಾರುತ್ತದೆ. ಒಬ್ಬ ಸ್ನೇಹಿತರು 'ಹಾರಲಿ ಬಿಡಿ, ನಾಯಿ ಅಲ್ವಾ' ಅಂತಾರೆ. ಇನ್ನೊಬ್ಬರು ಹಾರಲೇಬಾರದು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಎರಡನೆಯವರ ಮಾತು ಕೇಳಿ. ಕಾರಿನಿಂದ ಹಾರಿ ಇಳಿಯುವುದನ್ನು ಇವತ್ತೇ ನಿಲ್ಲಿಸಿ.

ಇಂಥ ಮರಿಯನ್ನು ನೋಡಿದವರೆಲ್ಲ ದೊಡ್ಡ ನಾಯಿ ಅಂದುಕೊಳ್ಳುತ್ತಾರೆ. ಮೈ ದೊಡ್ಡದು ನಿಜ, ಆದರೆ ಎಲುಬು ಇನ್ನೂ ಎಳೆಯದು. ಗ್ರೇಟ್ ಡೇನ್ ಮರಿ ಹುಟ್ಟುವಾಗ ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚುಕಮ್ಮಿ ತೂಗುತ್ತದೆ. ಬೆಳೆದು ನಿಂತಾಗ 50ರಿಂದ 80 ಕೆ.ಜಿ. ಇರುತ್ತದೆ. ಸುಮಾರು ನೂರು ಪಟ್ಟು! ಇಷ್ಟೂ ಎತ್ತರ ಬರುವುದು ಎಲುಬಿನ ತುದಿಗಳಲ್ಲಿರುವ ಒಂದು ಮೆತ್ತನೆಯ ಪದರದಿಂದ. ಇದನ್ನು ಗ್ರೋತ್ ಪ್ಲೇಟ್ ಅನ್ನುತ್ತೇವೆ. ಚಿಕ್ಕ ತಳಿಗಳಲ್ಲಿ ಈ ಪದರ ವರ್ಷದೊಳಗೆ ಗಟ್ಟಿ ಎಲುಬಾಗುತ್ತದೆ. ದೈತ್ಯ ತಳಿಗಳಲ್ಲಿ ಅದಕ್ಕೆ 18ರಿಂದ 24 ತಿಂಗಳು ಬೇಕು. ಅಲ್ಲಿಯವರೆಗೆ ಇಡೀ ಕಾಲಿನಲ್ಲಿ ಅತಿ ನಾಜೂಕಾದ ಜಾಗ ಅದೇ. ಅಲ್ಲಿಗೆ ಜೋರು ಪೆಟ್ಟು ಬಿದ್ದರೆ ಎಲುಬು ಸೊಟ್ಟಗೆ ಬೆಳೆಯಬಹುದು, ಕಾಲು ಗಿಡ್ಡವಾಗಲೂಬಹುದು.

ಇನ್ನೊಂದು ವಿಷಯ. ನಾಯಿ ಸುಮ್ನೆ ನಿಂತಿದ್ದಾಗಲೂ ಅದರ ಭಾರದ ಶೇ 60ರಷ್ಟು ಮುಂಗಾಲುಗಳ ಮೇಲೆ ಇರುತ್ತದೆ. ಹಾರಿದಾಗ ಮೊದಲು ನೆಲ ಮುಟ್ಟುವುದೂ ಮುಂಗಾಲೇ. ಕಾರಿನ ಡಿಕ್ಕಿ ಎತ್ತರ ಇದ್ದಷ್ಟೂ ಪೆಟ್ಟು ಜೋರು. ಒಂದು ಸಲ ಹಾರಿದ್ದಕ್ಕೇ ಕಾಲು ಹೋಯಿತು ಅಂತ ಹೆದರಬೇಡಿ. ದಿನಾ ಹಾರುವುದು, ಅದೂ ತಿಂಗಳುಗಟ್ಟಲೆ, ಗಟ್ಟಿ ನೆಲದ ಮೇಲೆ, ಅದು ನನಗೆ ಚಿಂತೆ.

ಹಾಗಾದರೆ ಏನು ಮಾಡುವುದು? ರ‍್ಯಾಂಪ್ (ಇಳಿಜಾರಾಗಿ ಒರಗಿಸುವ ಹಲಗೆ) ತೆಗೆದುಕೊಳ್ಳಿ, ಇಲ್ಲವೇ ಬಡಗಿಯ ಹತ್ತಿರ ಮಾಡಿಸಿ. ಕೊಳ್ಳುವಾಗ ಎಲ್ಲರೂ ಎಡವುವುದು ಉದ್ದದಲ್ಲಿ. ಗಿಡ್ಡ ರ‍್ಯಾಂಪ್ ಮಡಚಿ ಇಡಲು ಸುಲಭ, ಆದರೆ ನಾಯಿಗೆ ಅದು ಗೋಡೆ ಹತ್ತಿದ ಹಾಗೆ. ನಿಮ್ಮ ಡಿಕ್ಕಿ ನೆಲದಿಂದ 70 ಸೆಂ.ಮೀ. ಎತ್ತರ ಇದ್ದರೆ 2 ಮೀಟರ್ ಉದ್ದದ ರ‍್ಯಾಂಪ್ ಸುಮಾರು 20 ಡಿಗ್ರಿ ಇಳಿಜಾರು ಕೊಡುತ್ತದೆ. ಅಷ್ಟಿದ್ದರೆ ಆರಾಮಾಗಿ ನಡೆಯುತ್ತದೆ. ಅದೇ ಎತ್ತರಕ್ಕೆ 1.2 ಮೀಟರ್ ರ‍್ಯಾಂಪ್ ಇಟ್ಟರೆ ಇಳಿಜಾರು 35 ಡಿಗ್ರಿ ಮೀರುತ್ತದೆ. ಯಾವ ಮರಿಯೂ ಒಪ್ಪುವುದಿಲ್ಲ, ಒಪ್ಪಿದರೂ ಅರ್ಧದಿಂದ ಹಾರುತ್ತದೆ. ಅಗಲ ಜಾಸ್ತಿ ಇದ್ದಷ್ಟು ಧೈರ್ಯ ಜಾಸ್ತಿ. ಮೇಲ್ಮೈ ಜಾರಬಾರದು, ರಬ್ಬರ್ ಹಾಸು ಅಂಟಿಸಿದರೆ ಒಳ್ಳೆಯದು. ಭಾರ ತಡೆಯುವ ಲೆಕ್ಕವನ್ನು ಇವತ್ತಿನ ತೂಕಕ್ಕೆ ಹಾಕಬೇಡಿ. ಪೂರ್ತಿ ಬೆಳೆದ ನಾಯಿಯ ತೂಕಕ್ಕೆ ಹಾಕಿ.

ರ‍್ಯಾಂಪ್ ತಂದ ದಿನವೇ ಕಾರಿಗೆ ಒರಗಿಸಿ ಎಳೆಯಲು ಹೋಗಬೇಡಿ. ಮೊದಲು ಮನೆಯೊಳಗೆ ನೆಲದ ಮೇಲೆ ಚಪ್ಪಟೆಯಾಗಿ ಹಾಸಿ. ಅದರ ಮೇಲೆ ತಿಂಡಿ ಚೂರು ಇಟ್ಟು ನಡೆದಾಡಲು ಬಿಡಿ. ಅದು ಮಾಮೂಲಾದ ಮೇಲೆ ಒಂದು ತುದಿಗೆ ಇಟ್ಟಿಗೆ ಇಡಿ, ಆಮೇಲೆ ಮೆಟ್ಟಿಲಿನಷ್ಟು ಎತ್ತರ ಮಾಡಿ. ಕಾರು ಬರುವುದು ಕೊನೆಯಲ್ಲಿ, ಅದೂ ಎಂಜಿನ್ ನಿಲ್ಲಿಸಿ. ಇಳಿಯುವುದನ್ನು ಬೇರೆಯಾಗಿಯೇ ಕಲಿಸಬೇಕು. ಬಾಗಿಲು ತೆಗೆದ ಕೂಡಲೇ ಹೊರಗೆ ನುಗ್ಗದೆ 'ನಿಲ್ಲು' ಅಂದಾಗ ಕಾಯುವುದನ್ನು ಕಲಿಸಿ. ರಸ್ತೆ ಬದಿಯಲ್ಲಿ ಇಳಿಯುವಾಗ ಇದು ಜೀವ ಉಳಿಸುವ ಅಭ್ಯಾಸ. ಕೆಲವು ಮರಿಗಳು ಎರಡು ದಿನದಲ್ಲಿ ಕಲಿಯುತ್ತವೆ, ಕೆಲವಕ್ಕೆ ಎರಡು ವಾರ ಬೇಕು. ಅವಸರ ಮಾಡಿ ಒಮ್ಮೆ ಬೀಳಿಸಿದರೆ ಆ ಹೆದರಿಕೆ ಬಿಡಿಸುವುದು ತುಂಬಾ ಕಷ್ಟ.

ಅಲ್ಲಿಯವರೆಗೆ ಎತ್ತಲೇಬೇಕು ಅಂದರೆ ಇಬ್ಬರು ಎತ್ತಿ. ಒಬ್ಬರ ಕೈ ಎದೆಯ ಕೆಳಗೆ, ಇನ್ನೊಬ್ಬರ ಕೈ ತೊಡೆಗಳ ಹಿಂದೆ. ಮುಂಗಾಲಿನ ಕಂಕುಳಲ್ಲಿ ಕೈ ಹಾಕಿ ಎಂದೂ ಎತ್ತಬೇಡಿ. ಹತ್ತಿಸುವಾಗ ಇನ್ನೂ ಸುಲಭದ ದಾರಿ ಇದೆ. ಮುಂಗಾಲು ಎರಡನ್ನೂ ಡಿಕ್ಕಿಯ ಅಂಚಿನ ಮೇಲೆ ಇಡಿಸಿ, ಹಿಂಭಾಗವನ್ನು ತೊಡೆಯ ಹಿಂದಿನಿಂದ ಆತು ಮೇಲಕ್ಕೆ ತಳ್ಳಿ. ನಿಮ್ಮ ಮೇಲೆ ಅರ್ಧ ಭಾರವೇ ಬೀಳುತ್ತದೆ. ಇದನ್ನೂ ಮಂಡಿ ಬಗ್ಗಿಸಿಯೇ ಮಾಡಿ, ನಿಮ್ಮ ಬೆನ್ನೂ ಮುಖ್ಯ.

ಪ್ರಶ್ನೆ: ಏಳು ತಿಂಗಳ ಸೇಂಟ್ ಬರ್ನಾರ್ಡ್ ಇದೆ. ಮನೆಯವರು ಬೆಳಿಗ್ಗೆ ಜಾಗಿಂಗ್ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗುತ್ತೇನೆ ಅಂತಾರೆ. ವಯಸ್ಸಿನ ಒಂದೊಂದು ತಿಂಗಳಿಗೆ ಐದು ನಿಮಿಷದಂತೆ ವ್ಯಾಯಾಮ ಅಂತ ಎಲ್ಲೋ ಓದಿದ್ದೆ. ಅಂದರೆ 35 ನಿಮಿಷ ಓಡಿಸಬಹುದಾ? ಓಡಿಸದಿದ್ದರೆ ಮನೆಯಲ್ಲಿ ಸೋಫಾ, ಚಪ್ಪಲಿ ಎಲ್ಲ ಕಡಿದು ಹಾಕುತ್ತದೆ.

ಉತ್ತರ: ಜಾಗಿಂಗ್ ಈಗ ಬೇಡ. ಸೈಕಲ್ ಪಕ್ಕ ಓಡಿಸುವುದಂತೂ ಬೇಡವೇ ಬೇಡ.

ಆ ಐದು ನಿಮಿಷದ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅದರ ಹಿಂದೆ ಗಟ್ಟಿ ಸಂಶೋಧನೆ ಇಲ್ಲ. ಲೀಶ್ ಹಾಕಿ ಗಟ್ಟಿ ರಸ್ತೆಯಲ್ಲಿ ನಡೆಸುವಾಗ ಇಷ್ಟಕ್ಕೆ ಸಾಕು ಅನ್ನುವ ಮಿತಿಯಾಗಿ ಬಳಸಿದರೆ ತಪ್ಪಿಲ್ಲ. ಆದರೆ ನಿಮಿಷಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ವೇಗ ಯಾರದು? ಜಾಗಿಂಗ್‌ನಲ್ಲಿ ವೇಗ ನಿಮ್ಮದು. ಮರಿಗೆ ದಣಿವಾದರೂ, ಕಾಲು ನೋಯುತ್ತಿದ್ದರೂ ಅದು ನಿಮ್ಮ ಹಿಂದೆ ಬರುತ್ತದೆ, ನಿಮ್ಮನ್ನು ಬಿಡಬಾರದು ಅಂತ. ತಾನಾಗಿ ಆಡುವಾಗ ಸ್ವಲ್ಪ ಓಡುತ್ತದೆ, ನಿಲ್ಲುತ್ತದೆ, ಮೂಸುತ್ತದೆ, ಬಿದ್ದುಕೊಳ್ಳುತ್ತದೆ. ಅಲ್ಲಿ ವೇಗ ಅದರದೇ.

ಈ ವ್ಯತ್ಯಾಸಕ್ಕೆ ಒಳ್ಳೆಯ ಆಧಾರವೂ ಇದೆ. ನಾರ್ವೆಯ ಸಂಶೋಧಕರು ನ್ಯೂಫೌಂಡ್‌ಲ್ಯಾಂಡ್, ಲಿಯಾನ್‌ಬರ್ಗರ್, ಐರಿಷ್ ವುಲ್ಫ್‌ಹೌಂಡ್, ಲ್ಯಾಬ್ರಡಾರ್ ಈ ನಾಲ್ಕು ತಳಿಗಳ ಸುಮಾರು 500 ನಾಯಿಗಳನ್ನು ಮರಿಯಿಂದಲೇ ಗಮನಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಹುಟ್ಟಿದ ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ತೊಂದರೆ, ಅಂದರೆ ಹಿಪ್ ಡಿಸ್‌ಪ್ಲೇಸಿಯಾ, ಜಾಸ್ತಿ ಕಂಡಿತು. ಅದೇ ವಯಸ್ಸಿನಲ್ಲಿ ಹೊರಗೆ ಸಣ್ಣ ಏರಿಳಿತದ ನೆಲದಲ್ಲಿ ಲೀಶ್ ಇಲ್ಲದೆ ಓಡಾಡಿದ ಮರಿಗಳಲ್ಲಿ ಕಡಿಮೆ ಇತ್ತು. ನೋಡಿ, ಮರಿಯನ್ನು ಅಲ್ಲಾಡದ ಹಾಗೆ ಕಟ್ಟಿ ಹಾಕುವುದೂ ಸರಿಯಲ್ಲ. ಕೀಲನ್ನು ಹಿಡಿದಿಡುವುದು ಸ್ನಾಯು. ಸ್ನಾಯು ಬೆಳೆಯಲು ಓಡಾಟ ಬೇಕೇ ಬೇಕು.

ನಿಮ್ಮ ಮರಿಗೆ ನಾನು ಹೇಳುವುದು ಹೀಗೆ. ದಿನಕ್ಕೆ ಎರಡು ಮೂರು ಸಲ ಹೊರಗೆ ಕರೆದುಕೊಂಡು ಹೋಗಿ. ಹುಲ್ಲು ಅಥವಾ ಮಣ್ಣಿನ ನೆಲ ಇರಲಿ. ಒಂದೊಂದು ಸಲ 20ರಿಂದ 30 ನಿಮಿಷ, ಅದು ಮೂಸಿಕೊಂಡು ಹೋಗುವ ವೇಗದಲ್ಲಿ. ಬೇಲಿ ಇರುವ ಜಾಗ ಸಿಕ್ಕರೆ ಲೀಶ್ ಬಿಚ್ಚಿ. ದಾರಿಯಲ್ಲಿ ಕೂತುಬಿಟ್ಟರೆ ಎಳೆಯಬೇಡಿ, ಅದು ಸಾಕು ಅಂತ ಹೇಳುತ್ತಿದೆ. ಚೆಂಡು ಎಸೆದು ಮತ್ತೆ ಮತ್ತೆ ಓಡಿಸುವ ಆಟ ಬೇಡ. ಗಕ್ಕನೆ ನಿಲ್ಲುವುದು, ಗಿರಕ್ಕನೆ ತಿರುಗುವುದು, ನೆಗೆದು ಹಿಡಿಯುವುದು, ಇವು ಮೊಣಕೈ ಮತ್ತು ಮಂಡಿಗೆ ಕೆಟ್ಟವು. ಆಳ ಇಲ್ಲದ, ನಿಧಾನ ನೀರಿನಲ್ಲಿ ಈಜು ತುಂಬಾ ಒಳ್ಳೆಯದು. ಜೊತೆಗೆ ಆಡಲು ಶಾಂತ ಸ್ವಭಾವದ ನಾಯಿ ಇರಲಿ. ಮೈಮೇಲೆ ಬಿದ್ದು ಉರುಳಿಸುವ ದೊಡ್ಡ ನಾಯಿಗಳ ಗುಂಪಿಗೆ ಈಗಲೇ ಬಿಡಬೇಡಿ.

ಕಡಿಯುವುದರ ಬಗ್ಗೆ. ನಿಮ್ಮ ಮರಿಗೆ ಓಟ ಸಾಲುತ್ತಿಲ್ಲ ಅಂತ ನನಗೆ ಅನಿಸುವುದಿಲ್ಲ. ತಲೆಗೆ ಕೆಲಸ ಸಾಲುತ್ತಿಲ್ಲ, ಅಥವಾ ನಿದ್ದೆ ಸಾಲುತ್ತಿಲ್ಲ. ಮರಿಗಳು ದಿನದ ಬಹುಭಾಗ ಮಲಗಬೇಕು. ದಣಿದ ಮರಿ ಹಟ ಮಾಡಿ ಕಡಿಯುತ್ತದೆ, ಆಗ ಇನ್ನಷ್ಟು ಓಡಿಸಿದರೆ ಹಟವೂ ಹೆಚ್ಚುತ್ತದೆ. ಊಟದ ಒಂದು ಪಾಲನ್ನು ಹುಲ್ಲಿನಲ್ಲಿ ಚೆಲ್ಲಿ ಹುಡುಕಲು ಬಿಡಿ. ಐದೈದು ನಿಮಿಷದ ಪಾಠ ದಿನಕ್ಕೆ ನಾಲ್ಕೈದು ಸಲ ಮಾಡಿ. ಲೀಶ್ ಎಳೆಯದೆ ನಡೆಯುವುದನ್ನು ಈಗಲೇ ಕಲಿಸಿ. 70 ಕೆ.ಜಿ. ಆದ ಮೇಲೆ ಕಲಿಸಲು ಹೊರಟರೆ ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಕಡಿಯಲು ಅದರದೇ ಆಟಿಕೆ ಕೊಡಿ, ಚಪ್ಪಲಿ ಮೇಲಿಡಿ.

ಬಿಸಿಲಿನ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಈ ತಳಿಗೆ ದಪ್ಪ ಕೂದಲು, ದೊಡ್ಡ ಮೈ. ಒಳಗಿನ ಶಾಖ ಬೇಗ ಹೊರಗೆ ಹೋಗುವುದಿಲ್ಲ. ರಸ್ತೆಯ ಮೇಲೆ ಅಂಗೈಯನ್ನು ಏಳೆಂಟು ಸೆಕೆಂಡ್ ಇಡಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ವಿಪರೀತ ಏದುಸಿರು, ಗಟ್ಟಿ ಜೊಲ್ಲು, ತೂರಾಡುವ ನಡಿಗೆ ಕಂಡರೆ ತಕ್ಷಣ ನೆರಳಿಗೆ ಕರೆತಂದು ಮೈಮೇಲೆ ತಣ್ಣೀರು ಹುಯ್ಯಿರಿ, ಹುಯ್ಯುತ್ತಲೇ ಡಾಕ್ಟರ ಹತ್ತಿರ ಹೊರಡಿ.

ಊಟದ ಹಿಂದೆಮುಂದೆ ಕನಿಷ್ಠ ಒಂದು ಗಂಟೆ ಓಟ, ಕುಣಿತ ಬೇಡ. ಆಳ ಎದೆಯ ದೊಡ್ಡ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ಇದೆ. ಗ್ರೇಟ್ ಡೇನ್‌ಗಂತೂ ಇದರ ಭಯ ಎಲ್ಲಕ್ಕಿಂತ ಜಾಸ್ತಿ. ವಾಂತಿ ಮಾಡಲು ಒದ್ದಾಡುತ್ತದೆ ಆದರೆ ಏನೂ ಬರುವುದಿಲ್ಲ, ಹೊಟ್ಟೆ ಬಿಗಿದಿದೆ, ನಿಂತಲ್ಲಿ ನಿಲ್ಲುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ.

ಪ್ರಶ್ನೆ: ನಾಲ್ಕು ತಿಂಗಳ ಮ್ಯಾಸ್ಟಿಫ್ ಮರಿ ಕಾರಿನಲ್ಲಿ ಕೂತರೆ ಜೊಲ್ಲು ಸುರಿಸಿ ವಾಂತಿ ಮಾಡುತ್ತದೆ. ಹಿಂದಿನ ಸೀಟಿನಲ್ಲಿ ಮಗಳು ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಾಳೆ. ಏನಾದರೂ ಮಾತ್ರೆ ಕೊಡಬಹುದಾ?

ಉತ್ತರ: ಮರಿಗಳಲ್ಲಿ ಇದು ತುಂಬಾ ಸಾಮಾನ್ಯ. ಸಮತೋಲ ನೋಡಿಕೊಳ್ಳುವ ಒಳಕಿವಿ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಹೆಚ್ಚಿನವು ವರ್ಷ ತುಂಬುವಷ್ಟರಲ್ಲಿ ಸರಿಹೋಗುತ್ತವೆ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಸ್ವಲ್ಪವೇ ಊಟ ಕೊಡಿ, ಕಿಟಕಿಯಿಂದ ಸ್ವಲ್ಪ ಗಾಳಿ ಬರಲಿ. ಮೊದಲು ನಿಂತ ಕಾರಿನಲ್ಲಿ ಕೂರುವುದು, ಆಮೇಲೆ ಐದು ನಿಮಿಷದ ಸವಾರಿ, ಕೊನೆಗೆ ಅದಕ್ಕೆ ಇಷ್ಟವಾದ ಜಾಗಕ್ಕೆ. ಕಾರು ಹತ್ತಿದರೆ ಚುಚ್ಚುಮದ್ದೇ ಅಂತ ಆಗಬಾರದು. ಇಷ್ಟಕ್ಕೂ ನಿಲ್ಲದಿದ್ದರೆ ನಾಯಿಗಳಿಗೇ ಇರುವ ಒಳ್ಳೆಯ ಔಷಧಿಗಳಿವೆ, ನಿಮ್ಮ ಡಾಕ್ಟರು ತೂಕ ನೋಡಿ ಬರೆದುಕೊಡುತ್ತಾರೆ. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬೇಡಿ.

ತೊಡೆಯ ಮೇಲೆ ಮಲಗಿಸುವುದನ್ನು ದಯವಿಟ್ಟು ನಿಲ್ಲಿಸಿ. 50 ಕಿ.ಮೀ. ವೇಗದಲ್ಲಿ ಗುದ್ದಿದ ಕಾರಿನೊಳಗೆ ಕಟ್ಟದೆ ಇರುವ ನಾಯಿಗೆ ಆಗುವುದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟೇ ಪೆಟ್ಟು. ಆ ಭಾರ ಮುಂದೆ ಕೂತವರಿಗೂ ಬಂದು ಬಡಿಯುತ್ತದೆ. ಮಗಳ ಕೈ ಅದನ್ನು ಹಿಡಿದಿಡಲಾರದು. ಡಿಕ್ಕಿಯಲ್ಲಿ ಭದ್ರವಾಗಿ ಕಟ್ಟಿದ ಗಟ್ಟಿ ಕ್ರೇಟ್ (ನಾಯಿ ಕೂರಿಸುವ ಪಂಜರ) ಎಲ್ಲಕ್ಕಿಂತ ಒಳ್ಳೆಯದು. ಇಂಥ ತಳಿಗೆ ಕ್ರೇಟ್ ಹಿಡಿಸದ ಕಾರುಗಳೇ ಜಾಸ್ತಿ, ಆಗ ಅಪಘಾತ ಪರೀಕ್ಷೆ ಪಾಸಾದ ಹಾರ್ನೆಸ್ (ಎದೆಗೆ ಸುತ್ತುವ ಪಟ್ಟಿ) ಹಾಕಿ ಸೀಟ್‌ಬೆಲ್ಟಿಗೆ ಸೇರಿಸಿ, ಅಥವಾ ಡಿಕ್ಕಿಗೂ ಸೀಟಿಗೂ ನಡುವೆ ಕಬ್ಬಿಣದ ಜಾಲರಿ ಹಾಕಿಸಿ. ಕತ್ತಿನ ಪಟ್ಟಿಗೆ ಕಟ್ಟಬೇಡಿ, ಕತ್ತು ಮುರಿಯುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟು ಬೇಡ. ಕೆಳಗೆ ಜಾರದ ಮ್ಯಾಟ್ ಹಾಸಿ, ತಿರುವಿನಲ್ಲಿ ಜಾರಿದರೂ ಎಳೆಯ ಕೀಲಿಗೆ ನೋವೇ. ದೂರದ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ಇಳಿಸಿ ನೀರು ಕುಡಿಸಿ.

ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಹೊರಗೆ ಹಿತವಾದ ಹವೆ ಇದ್ದರೂ ಅರ್ಧ ಗಂಟೆಯಲ್ಲಿ ಒಳಗೆ ಪ್ರಾಣ ತೆಗೆಯುವಷ್ಟು ಬಿಸಿಯಾಗುತ್ತದೆ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಹೆಚ್ಚೇನೂ ಪ್ರಯೋಜನ ಇಲ್ಲ.

ಪ್ರಶ್ನೆ: ಆಟ ಆಡಿದ ಮರುದಿನ ನಮ್ಮ ಆರು ತಿಂಗಳ ಮರಿ ಕುಂಟುತ್ತದೆ. ಮರಿ ಕೊಟ್ಟವರು ಎಲುಬು ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಪುಡಿ ಹಾಕಲು ಹೇಳಿದ್ದಾರೆ. ಎರಡು ಪಟ್ಟು ಮಾಡಲೇ?

ಉತ್ತರ: ನೀವು ಕೊಡುತ್ತಿರುವುದು ದೊಡ್ಡ ತಳಿಯ ಮರಿಗಳಿಗೇ ಮಾಡಿದ ಸಮತೋಲದ ಆಹಾರವಾದರೆ, ಪುಡಿಯನ್ನು ಪೂರ್ತಿ ನಿಲ್ಲಿಸಿ. ಎಳೆಯ ಮರಿಯ ಕರುಳಿಗೆ ಬೇಡದ ಕ್ಯಾಲ್ಸಿಯಂ ತಡೆಯುವ ಶಕ್ತಿ ಕಡಿಮೆ. ಹೆಚ್ಚಾಗಿದ್ದೂ ಮೈಗೆ ಸೇರಿ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಸಂಶೋಧನೆ ಇದನ್ನು ಸ್ಪಷ್ಟವಾಗಿ ತೋರಿಸಿತು. ಮನೆ ಅಡುಗೆಯನ್ನೇ ಹಾಕುತ್ತಿದ್ದರೆ ಲೆಕ್ಕ ಬೇರೆ, ಡಾಕ್ಟರನ್ನು ಕೇಳಿ. ದಪ್ಪಗಿದ್ದರೆ ಚೆಂದ ಅಂತ ಜಾಸ್ತಿ ತಿನ್ನಿಸುವುದೂ ಬೇಡ. ಸವರಿದರೆ ಪಕ್ಕೆಲುಬು ಕೈಗೆ ಸಿಗುವಂತಿರಬೇಕು.

ಕುಂಟುವುದನ್ನು ಬೆಳೆಯುವ ನೋವು ಅಂತ ಬಿಡಬೇಡಿ. ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುವ ಕುಂಟು, ಹೆಚ್ಚಾಗಿ ತಾನೇ ವಾಸಿಯಾಗುವ ಪ್ಯಾನೋಸ್ಟೈಟಿಸ್, ಅಂದರೆ ಬೆಳೆಯುವ ಎಲುಬಿನ ಉರಿಯೂತ, ಇರಬಹುದು. ಮಣಿಕಟ್ಟಿನ ಮೇಲೆ ಬಿಸಿಯಾದ ಊತ, ಜ್ವರ ಇದ್ದರೆ ಅದೇ ದಿನ ತೋರಿಸಬೇಕು. ಮೊಲದಂತೆ ಎರಡೂ ಹಿಂಗಾಲು ಒಟ್ಟಿಗೆ ಇಟ್ಟು ಓಡುವುದು, ಮಲಗಿ ಏಳಲು ಒದ್ದಾಡುವುದು ಕಂಡರೆ ಸೊಂಟ ನೋಡಬೇಕು. ನಿಮ್ಮ ಮರಿ ಆಟವಾಡಿದಾಗಲೆಲ್ಲ ಕುಂಟುತ್ತದೆ ಅಂದಿರಿ. ಅಷ್ಟು ಸಾಕು, ಈ ವಾರವೇ ಎಕ್ಸ್‌ರೇ ಮಾಡಿಸಿ. ಹೋಗುವಾಗ ಅದು ಕುಂಟುವ ವಿಡಿಯೊ ಫೋನಿನಲ್ಲಿ ತೆಗೆದುಕೊಂಡು ಹೋಗಿ. ಆಸ್ಪತ್ರೆಯ ಗಡಿಬಿಡಿಯಲ್ಲಿ ಮರಿಗಳು ನೋವು ಮರೆತು ನೆಟ್ಟಗೆ ನಡೆದುಬಿಡುತ್ತವೆ.

ಪ್ರಶ್ನೆ: ಹಾಗಾದರೆ ಯಾವಾಗ ಸ್ವತಂತ್ರವಾಗಿ ಓಡಲು, ಹಾರಲು ಬಿಡಬಹುದು?

ಉತ್ತರ: ಒಂದೂವರೆ ವರ್ಷದ ಹೊತ್ತಿಗೆ ಎಕ್ಸ್‌ರೇ ತೆಗೆಸಿ. ಗ್ರೋತ್ ಪ್ಲೇಟ್ ಮುಚ್ಚಿದ್ದು ಕಂಡರೆ ಜಾಗಿಂಗ್ ಶುರು ಮಾಡಬಹುದು, ಮುಚ್ಚಿರದಿದ್ದರೆ ಇನ್ನು ಕೆಲವು ತಿಂಗಳು ಕಾಯಿರಿ. ಶುರು ಮಾಡಿದಾಗಲೂ ಮೊದಲ ವಾರ ಐದು ನಿಮಿಷ ಓಟ, ಉಳಿದದ್ದು ನಡಿಗೆ. ಪ್ರತಿ ವಾರ ಸ್ವಲ್ಪ ಸ್ವಲ್ಪ ಏರಿಸಿ, ಮರುದಿನ ಬೆಳಿಗ್ಗೆ ಅದು ಹೇಗೆ ಎದ್ದು ನಿಲ್ಲುತ್ತದೆ ನೋಡಿ. ರ‍್ಯಾಂಪನ್ನು ಮಾತ್ರ ಯಾರಿಗೂ ಕೊಡಬೇಡಿ. 60 ಕೆ.ಜಿ. ನಾಯಿಗೆ ಅದು ಜೀವನಪೂರ್ತಿ ಬೇಕು, ವಯಸ್ಸಾದ ಮೇಲೆ ಇನ್ನೂ ಜಾಸ್ತಿ ಬೇಕು.