ರೈಡಿಂಗ್ ಮೊವರ್‌ಗೆ ಮನೆಯಲ್ಲೇ ನೇಗಿಲು, ಬ್ಲೇಡು, ಗಾಡಿ ಮಾಡಿಕೊಳ್ಳಬಹುದಾ? ಮೊದಲು ಯಾವುದು?

17 ಎಚ್‌ಪಿ ಮೊವರ್ ಇದೆ, ಗಾಡಿ ಅರ್ಧ ಆಗಿದೆ ಅಂತ ಬರೆದ ನಿಮ್ಮ ಪ್ರಶ್ನೆ ಓದಿ ಆರು ವರ್ಷ ಹಿಂದಿನ ನಾನೇ ಎದುರಿಗೆ ಕೂತ ಹಾಗಾಯಿತು. ಕೂತು ಓಡಿಸುತ್ತಾ ಹುಲ್ಲು ಕತ್ತರಿಸುವ ಹಳೆ ಮೊವರ್, ಕೈಯಲ್ಲಿ ವೆಲ್ಡಿಂಗ್ ಮಷಿನ್, ತಲೆ ತುಂಬ ಯೋಜನೆ. ಮೂರರಲ್ಲಿ ನಾನು ಮೊದಲು ಮಾಡಿದ್ದು ಗಾಡಿ. ಅದರ ಕಥೆ ಕೇಳಿ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆ ಮೇಲೆ, ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿ. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಇನ್ನೊಂದು ದಿಕ್ಕಿಗೆ. ನಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದೇ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲಿಕ್ಕೆ ಅಲ್ವಾ? ಅದನ್ನು ಹೊರುವವರು ಈಗ ಸಿಗುವುದಿಲ್ಲ. ಗೋವಾ ಕಡೆಯಿಂದ ಸೆಕೆಂಡ್ ಹ್ಯಾಂಡ್ ಮೊವರ್ ಸಿಕ್ಕಿದಾಗ ನನಗೆ ಹುಲ್ಲು ಕಾಣಲೇ ಇಲ್ಲ, ದರಕಿನ ಗಾಡಿಯೇ ಕಂಡಿತು.

ಹಳೆ ಓಮ್ನಿ ವ್ಯಾನಿನ ಎರಡು ಚಕ್ರ, ಆಂಗಲ್ ಕಬ್ಬಿಣ, ಐದು ಅಡಿ ಉದ್ದದ ತಳ. ಒಂದು ವಾರದಲ್ಲಿ ಗಾಡಿ ತಯಾರು. ಎರಡು ಚಕ್ರ ಕೂರುವ ಅಚ್ಚನ್ನು ತಳದ ಸರಿ ಮಧ್ಯಕ್ಕೆ ಕೂರಿಸಿದೆ. ಸುರಿಯುವಾಗ ಸುಲಭವಾಗಿ ಹಿಂದಕ್ಕೆ ಬಗ್ಗಬೇಕು ಎಂಬ ಲೆಕ್ಕ. ಅಂಗಳದಲ್ಲಿ ಮೂಕಿಯನ್ನು, ಅಂದರೆ ಗಾಡಿ ಎಳೆಯುವ ಮುಂದಿನ ಉದ್ದ ಕಂಬಿಯನ್ನು, ಒಂದೇ ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದೆ. ಅಪ್ಪ ಮಾತ್ರ ಸುಮ್ನೆ ನೋಡಿ, "ಮೂಕಿ ಇಷ್ಟು ಹಗುರ ಇರಬಾರದು" ಎಂದರು. ಅವರು ಎತ್ತಿನ ಗಾಡಿ ಹೊಡೆದವರು. ನಾನು ಕೇಳಲಿಲ್ಲ.

ದರಕು ತಂದಷ್ಟು ದಿನ ಏನೂ ಆಗಲಿಲ್ಲ. ದರಕಿಗೆ ತೂಕವೇ ಇಲ್ಲ. ಡಿಸೆಂಬರಿನಲ್ಲಿ ಅಡಿಕೆ ಗೊನೆಯ, ನಮ್ಮ ಮಾತಲ್ಲಿ ಕೊನೆಯ, ಕೊಯ್ಲು ಶುರುವಾಯಿತು. ಮರ ಹತ್ತುವ ಕೊನೆಗೌಡ ಇಳಿಸಿದ ಕೊನೆಗಳನ್ನು ಹಿಂದಿನ ಬಾಗಿಲಿನಿಂದ ತುಂಬಿದೆವು. ಹಿಂದಿನಿಂದ ತುಂಬಿದರೆ ರಾಶಿ ಹಿಂದೆಯೇ ಬೀಳುತ್ತದೆ. ಸುಮಾರು 250 ಕಿಲೊ ಇದ್ದಿರಬೇಕು. ತೋಟದಿಂದ ಮನೆಗೆ ಕೆಂಪು ಮಣ್ಣಿನ ಏರು, ಬೆಳಗಿನ ಇಬ್ಬನಿಗೆ ಒದ್ದೆ. ಅರ್ಧ ಏರಿದ ಮೇಲೆ ಮೊವರ್‌ನ ಹಿಂದಿನ ಚಕ್ರ ನಿಂತಲ್ಲೇ ತಿರುಗಲಿಕ್ಕೆ ಹತ್ತಿತು. ಬ್ರೇಕ್ ಒತ್ತಿದೆ. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ. ಮೊವರ್ ಸಮೇತ ಹಿಂದಕ್ಕೆ ಜಾರಿತು. ಗಾಡಿ ಅಡ್ಡ ತಿರುಗಿ, ಮೂಕಿ ಮಡಚಿ ನನ್ನ ಎಡಗಾಲಿಗೆ ಬಡಿಯಿತು. ಹಿಂದೆ ನಡೆದು ಬರುತ್ತಿದ್ದ ತಮ್ಮ ಬಸಿಗಾಲುವೆಗೆ ಹಾರಿ ಉಳಿದುಕೊಂಡ. ನನಗೆ ಮೊಣಕಾಲ ಕೆಳಗೆ ಮೂಳೆ ಮುರಿಯಿತು. ಆ ವರ್ಷದ ಇಡೀ ಕೊಯ್ಲು ಅವನೊಬ್ಬನ ಮೇಲೆ ಬಿತ್ತು.

ಆಗಿದ್ದೇನು ಅಂತ ಬಿಡಿಸಿ ಹೇಳುತ್ತೇನೆ. ಈ ಒಂದು ವಿಷಯಕ್ಕೇ ಉತ್ತರ ಬರೆಯಲು ಕೂತಿದ್ದು. ಎರಡು ಚಕ್ರದ ಗಾಡಿ ಒಂದು ತಕ್ಕಡಿ, ಅಚ್ಚು ಅದರ ನಡುವಿನ ಮುಳ್ಳು. ಭಾರ ಅಚ್ಚಿನ ಹಿಂದೆ ಹೋದರೆ ಮೂಕಿ ಮೇಲೇಳುತ್ತದೆ. ಮೂಕಿ ಎಲ್ಲಿ ಕಟ್ಟಿದೆ? ಮೊವರ್‌ನ ಹಿಂಭಾಗಕ್ಕೆ. ಅಂದರೆ ಗಾಡಿ ಮೊವರ್‌ನ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತುತ್ತಾ ಇರುತ್ತದೆ. ಏರಿನಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ರಾಶಿ ಅಚ್ಚಿಗಿಂತ ಎತ್ತರದಲ್ಲಿದೆ, ಗಾಡಿ ಹಿಂದಕ್ಕೆ ವಾಲಿದಷ್ಟೂ ಭಾರ ಹಿಂದಕ್ಕೆ ಸರಿಯುತ್ತದೆ. ಇಂಥ ಮೊವರ್‌ಗಳಲ್ಲಿ ಎಳೆಯುವುದೂ ಹಿಂದಿನ ಚಕ್ರ, ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರವೇ. ಮುಂದಿನ ಚಕ್ರಕ್ಕೆ ಬ್ರೇಕ್ ಇಲ್ಲ. ಹಿಂದಿನ ಚಕ್ರ ಹಗುರಾದರೆ ಎಳೆತವೂ ಹೋಯಿತು, ಬ್ರೇಕೂ ಹೋಯಿತು, ಎರಡೂ ಒಂದೇ ಕ್ಷಣದಲ್ಲಿ. ಗಾಡಿ ಹೊಡೆಯುವವರು ಇದನ್ನೇ ಹಿಂಭಾರ ಅನ್ನುತ್ತಾರೆ. ಹಿಂಭಾರವಾದರೆ ಎತ್ತಿನ ಕೊರಳ ಹಗ್ಗ ಮೇಲಕ್ಕೆ ಬಿಗಿದು ಉಸಿರು ಕಟ್ಟುತ್ತದೆ, ಹಾಗಾಗಿ ಎತ್ತು ಕೂಡಲೇ ತಿಳಿಸುತ್ತದೆ. ಮೊವರ್ ತಿಳಿಸುವುದಿಲ್ಲ.

ಈಗಿನ ಗಾಡಿಯಲ್ಲಿ ಅಚ್ಚು ತಳದ ಹಿಂತುದಿಯಿಂದ ಎರಡು ಅಡಿ ಒಳಗೆ, ಮುಂತುದಿಯಿಂದ ಮೂರು ಅಡಿ ಹಿಂದೆ ಇದೆ. 200 ಕಿಲೊ ಸಮನಾಗಿ ತುಂಬಿದರೆ ಮೂಕಿಯ ತುದಿಯಲ್ಲಿ 18 ಕಿಲೊ ಸುಮಾರು ಭಾರ ಬರುತ್ತದೆ. ತುಂಬಿದ ತೂಕದ ಹತ್ತನೇ ಒಂದು ಪಾಲು ಅಂತ ಇಟ್ಟುಕೊಳ್ಳಿ. ಮನುಷ್ಯರ ತೂಕ ನೋಡುವ ಮಷಿನ್ ಮೇಲೆ ಮೂಕಿಯ ತುದಿ ಇಟ್ಟರೆ ತಿಳಿಯುತ್ತದೆ, ಐದು ನಿಮಿಷದ ಕೆಲಸ. ತುಂಬುವುದು ಮುಂದಿನಿಂದ. ಗಾಡಿಯ ಹಿಂದೆ ಯಾರೂ ನಡೆಯುವುದಿಲ್ಲ, ಇದು ನಮ್ಮ ಮನೆಯ ಕಾನೂನು. ಕೊನೆಯನ್ನು ಈಗ ಅರ್ಧ ಗಾಡಿ ಮಾತ್ರ ತುಂಬುತ್ತೇವೆ, ಅದೂ ನೆಲ ಒಣಗಿದ ಮೇಲೆ. ನಾಲ್ಕು ಅಡಿಗೆ ಒಂದು ಅಡಿ ಏರಿದರೆ ಅದು 14 ಡಿಗ್ರಿ. ಹೆಚ್ಚಿನ ಮೊವರ್ ಕೈಪಿಡಿಗಳು ಬರೀ ಹುಲ್ಲು ಕತ್ತರಿಸಲಿಕ್ಕೇ 15 ಡಿಗ್ರಿಗಿಂತ ಜಾಸ್ತಿ ಬೇಡ ಅನ್ನುತ್ತವೆ. ಗಾಡಿ ಎಳೆಯುವಾಗ ಅದಕ್ಕಿಂತ ಬಹಳ ಕಡಿಮೆ ಇರಲಿ. ಮೂಕಿಯನ್ನು ಕಂಪನಿ ಕೊಟ್ಟ ಹಿಂದಿನ ತಗ್ಗಿನ ಪ್ಲೇಟಿಗೇ ಕಟ್ಟಿ. ಗಾಡಿ ಎತ್ತರ ಆಯಿತು ಅಂತ ಸೀಟಿನ ಹಿಂದೆ ಮೇಲೆಲ್ಲೋ ಕಟ್ಟಿದರೆ ಮೊವರ್‌ನ ಮೂತಿ ಏಳುತ್ತದೆ.

ಇನ್ನು ನೇಗಿಲು. ಬೇಡವೇ ಬೇಡ. ಮೊವರ್‌ನ ಗೇರ್ ಬಾಕ್ಸ್ ಹುಲ್ಲಿನ ಮೇಲೆ ತನ್ನನ್ನು ತಾನು ಎಳೆದುಕೊಂಡು ಹೋಗಲಿಕ್ಕೆ ಮಾಡಿದ್ದು. ನಮ್ಮ ಗಟ್ಟಿ ಕೆಂಪು ಮಣ್ಣಿನಲ್ಲಿ ನೇಗಿಲು ಇಳಿಸಿದರೆ ಬೆಲ್ಟ್ ಜಾರುತ್ತದೆ. ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟ್ಯಾಟಿಕ್ ಆಗಿದ್ದರೆ ಎಣ್ಣೆ ಕಾದು ಶಕ್ತಿಯೇ ಹೋಗುತ್ತದೆ. 17 ಎಚ್‌ಪಿ ಅಂತ ಬರೆದಿದ್ದೀರಿ. ಅದು ಇಂಜಿನ್ನಿನ ಲೆಕ್ಕ, ಗೇರ್ ಬಾಕ್ಸಿನದ್ದಲ್ಲ. ಉಳುವುದಿದ್ದರೆ ಪವರ್ ಟಿಲ್ಲರ್ ಬಾಡಿಗೆಗೆ ತನ್ನಿ. ಮೊವರ್ ಮುಂದೆ ಕಟ್ಟಿ ತಳ್ಳುವ ಬ್ಲೇಡೂ ದರಕು ಸರಿಸಲಿಕ್ಕೆ ಸಾಕು, ಮಣ್ಣಿಗಲ್ಲ.

ಮೊವರ್‌ಗೆ ಏನೇ ವೆಲ್ಡ್ ಮಾಡುವ ಮೊದಲು ಬ್ಯಾಟರಿಯ ವೈರ್ ಬಿಚ್ಚಿಡಿ.

ಗಾಡಿ ಅರ್ಧ ಆಗಿದೆ ಅಂದಿದ್ದೀರಿ. ಅಚ್ಚಿಗೆ ಇನ್ನೂ ವೆಲ್ಡಿಂಗ್ ಆಗಿಲ್ಲದಿದ್ದರೆ ಇವತ್ತು ಕೈ ಹಾಕಬೇಡಿ. ತಳದ ಉದ್ದ, ಮೂಕಿಯ ಉದ್ದ, ನಿಮ್ಮ ದಾರಿಯ ಏರು ಎಷ್ಟು ಅಂತ ಕೆಳಗೆ ಬರೆಯಿರಿ. ಅಚ್ಚು ಎಲ್ಲಿ ಬರಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.