ಕೋವಿಡ್ ವರ್ಷ ಬೆಂಗಳೂರಿನಲ್ಲಿ ಕೂತು ಅಮೆರಿಕಕ್ಕೆ ಓಟು ಹಾಕಿದ್ದು ಹೇಗೆ?

ನೀವು ಕೇಳಿದ್ದು ಎರಡು. 2020ರಲ್ಲಿ ವಿಮಾನಗಳೇ ಇಲ್ಲದಿದ್ದಾಗ, ಅಮೆರಿಕದ ಪೌರತ್ವ ಇದ್ದು ಇಲ್ಲಿ ನೆಲೆಸಿದವರು ಅಲ್ಲಿನ ಅಧ್ಯಕ್ಷ ಚುನಾವಣೆಗೆ ಅಂಚೆ ಮತ ಹೇಗೆ ಹಾಕಿದರು, ಯಾರಾದರೂ ಸಂಘಟಿಸಿದ್ದರಾ ಅನ್ನೋದು ಒಂದು. ನಮ್ಮ ಎನ್‌ಆರ್‌ಐಗಳಿಗೆ ಅದೇ ಸೌಲಭ್ಯ ಯಾಕಿಲ್ಲ ಅನ್ನೋದು ಇನ್ನೊಂದು.

ಸಂಘಟನೆ ಅನ್ನೋದು ದೊಡ್ಡ ಮಾತಾಯ್ತು. ಬೆಂಗಳೂರು, ಮೈಸೂರಿನ ಪರಿಚಯದವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು. ಹೆಚ್ಚಿನವರು ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಕಡೆ ವರ್ಷಗಟ್ಟಲೆ ದುಡಿದು ವಾಪಸ್ ಬಂದವರು. ಯಾವ ಪಕ್ಷ, ಯಾರಿಗೆ ಓಟು ಅನ್ನೋ ಮಾತು ಎತ್ತಬಾರದು ಅನ್ನೋದೊಂದೇ ನಿಯಮ, ಅದನ್ನು ಪಾಲಿಸೋದೇ ಎಲ್ಲಕ್ಕಿಂತ ಕಷ್ಟ ಆಯ್ತು ಬಿಡಿ. ನನ್ನ ಪಾಲಿಗೆ ಬಂದಿದ್ದು ಫಾರಂ ತುಂಬಿಸೋ ಕೆಲಸ.

ಬಹಳ ಜನ ಮತಪತ್ರ ಕೈಗೆ ಬರುತ್ತೋ ಇಲ್ಲವೋ ಅಂತ ತಲೆ ಕೆಡಿಸಿಕೊಂಡಿದ್ದರು. ನಿಜವಾಗಿ ಅದು ಸುಲಭದ ಭಾಗ. ಅಮೆರಿಕದಲ್ಲಿ 2009ರಲ್ಲೇ ಒಂದು ಕಾನೂನು ಆಗಿದೆ. ವಿದೇಶದಲ್ಲಿರುವ ಮತದಾರ ಮೊದಲೇ ಅರ್ಜಿ ಹಾಕಿದ್ದರೆ ಚುನಾವಣೆಗೆ 45 ದಿನ ಮುಂಚೆ ಮತಪತ್ರ ಕಳಿಸಲೇಬೇಕು, ಬೇಕೆಂದರೆ ಇಮೇಲ್‌ನಂಥ ದಾರಿಯಲ್ಲೂ ಕಳಿಸಬೇಕು. 2020ರಲ್ಲಿ ಚುನಾವಣೆ ನವೆಂಬರ್ 3ಕ್ಕೆ. ಅಂದರೆ ಸೆಪ್ಟೆಂಬರ್ 19ರೊಳಗೆ ಹೊರಡಬೇಕಿತ್ತು. ಇದಕ್ಕೆ ಬೇಕಾಗಿದ್ದು ಫೆಡರಲ್ ಪೋಸ್ಟ್ ಕಾರ್ಡ್ ಅಪ್ಲಿಕೇಶನ್ ಅನ್ನೋ ಒಂದೇ ಅರ್ಜಿ, ನೋಂದಣಿಗೂ ಅದೇ, ಮತಪತ್ರ ಕೇಳೋದಕ್ಕೂ ಅದೇ. ಪ್ರತಿ ವರ್ಷ ಹೊಸದಾಗಿ ಹಾಕೋದು ಒಳ್ಳೆಯದು. ವಿಳಾಸದ ಜಾಗದಲ್ಲಿ ಅಮೆರಿಕದಲ್ಲಿ ಕೊನೆಗೆ ಇದ್ದ ಮನೆಯ ವಿಳಾಸ ಬರೆಯಬೇಕು, ಆ ಮನೆ ಮಾರಿ ಹತ್ತು ವರ್ಷ ಆಗಿದ್ದರೂ ಪರವಾಗಿಲ್ಲ. ಗ್ರೀನ್ ಕಾರ್ಡ್ ಮಾತ್ರ ಇದ್ದವರಿಗೆ ಓಟಿಲ್ಲ.

ಕಷ್ಟ ಇದ್ದಿದ್ದು ತುಂಬಿದ ಮತಪತ್ರ ವಾಪಸ್ ಹೋಗೋದರಲ್ಲಿ. ಅಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಕಾನೂನು. ಮ್ಯಾಸಚೂಸೆಟ್ಸ್‌ನವರು ಇಮೇಲ್ ಮಾಡಿ ಕೈ ತೊಳೆದುಕೊಳ್ಳಬಹುದು. ಕ್ಯಾಲಿಫೋರ್ನಿಯಾ ಫ್ಯಾಕ್ಸ್ ಒಪ್ಪುತ್ತೆ, ಇಮೇಲ್ ಒಪ್ಪಲ್ಲ. ನ್ಯೂಜೆರ್ಸಿಗೆ ಇಮೇಲ್ ಮಾಡಿದ ಮೇಲೂ ಕಾಗದದ ಪ್ರತಿ ಕಳಿಸಬೇಕು. ನ್ಯೂಯಾರ್ಕ್, ಪೆನ್ಸಿಲ್ವೇನಿಯಾದವರಿಗೆ ಕಾಗದ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಹಾಗಾಗಿ ಗುಂಪಿಗೆ ಯಾರೇ ಬಂದರೂ ನಾವು ಮೊದಲು ಕೇಳ್ತಿದ್ದಿದ್ದು "ಸಾರ್, ಅಲ್ಲಿ ಯಾವ ರಾಜ್ಯದಲ್ಲಿದ್ರಿ?" ಅಂತ. ಕಾಗದವೇ ಬೇಕಾದವರನ್ನು ಬೇರೆ ಮಾಡಿ ಅವರ ಕೆಲಸ ಮೊದಲು ಮುಗಿಸಿದೆವು. ಸಂಘಟನೆ ಅಂತ ನಾವು ಮಾಡಿದ್ದು ಮುಖ್ಯವಾಗಿ ಇಷ್ಟೇ.

ಕಾಗದ ಹೋಗೋಕೆ ಮೂರು ದಾರಿ. ಒಂದು, ಕಾನ್ಸುಲೇಟಿಗೆ ಕೊಟ್ಟರೆ ಅವರ ರಾಜತಾಂತ್ರಿಕ ಚೀಲದಲ್ಲಿ, ಅಂದರೆ ಅವರದೇ ಸರ್ಕಾರಿ ಟಪಾಲಿನಲ್ಲಿ ಹೋಗುತ್ತೆ. ಆದರೆ ಆಗ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ, ಅದು ಬಂದಿದ್ದು 2025ರ ಜನವರಿಯಲ್ಲಿ. ಕರ್ನಾಟಕ ಚೆನ್ನೈ ವ್ಯಾಪ್ತಿಯಲ್ಲಿತ್ತು, ಇ-ಪಾಸ್ ತಲೆನೋವಿನ ಕಾಲದಲ್ಲಿ ಎಪ್ಪತ್ತು ವರ್ಷದವರನ್ನು ಚೆನ್ನೈಗೆ ಕಳಿಸೋಕಾಗುತ್ತಾ? ಆ ಚೀಲವೂ ತಲುಪೋಕೆ ವಾರಗಟ್ಟಲೆ ತಗೊಳ್ಳುತ್ತೆ. ಎರಡು, ನಮ್ಮ ಅಂಚೆ. ಮಾರ್ಚ್ 23ರಿಂದ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದವು, ಪತ್ರಗಳು ಸರಕಿನ ವಿಮಾನ, ವಿಶೇಷ ವಿಮಾನ ನೆಚ್ಚಿಕೊಂಡು ಹೋಗ್ತಿದ್ದವು, ಯಾವಾಗ ಮುಟ್ಟುತ್ತೆ ಅಂತ ಯಾರೂ ಹೇಳುವಂತಿರಲಿಲ್ಲ. ಇಲ್ಲಿ ಒಂದು ವಿಷಯ: ಮತಪತ್ರದ ಕವರ್ ಮೇಲೆ ಅಂಚೆ ವೆಚ್ಚ ಉಚಿತ ಅಂತ ಅಚ್ಚಾಗಿರುತ್ತಲ್ಲ, ಅದು ನಡೆಯೋದು ಅಮೆರಿಕದ ಅಂಚೆಯಲ್ಲಿ ಮಾತ್ರ. ಇಲ್ಲಿ ಸ್ಟಾಂಪು ಅಂಟಿಸಲೇಬೇಕು. ಕೌಂಟರಿನಲ್ಲಿ ನಿಂತು "ತಾರೀಖು ಓದೋ ಹಾಗೆ ಸೀಲು ಹಾಕಿ" ಅಂತ ಕೇಳಿಕೊಳ್ಳಬೇಕು, ಯಾಕಂದ್ರೆ ಕ್ಯಾಲಿಫೋರ್ನಿಯಾದಂಥ ಕಡೆ ಚುನಾವಣೆ ದಿನದೊಳಗೆ ಅಂಚೆಗೆ ಹಾಕಿದ್ದರೆ ತಡವಾಗಿ ಬಂದರೂ ಎಣಿಸ್ತಾರೆ. ಹಾಗೆ ತಡವಾಗಿ ಬರೋದಕ್ಕೆ ಇದ್ದ ಗಡುವನ್ನು ಆ ವರ್ಷ ಚುನಾವಣೆಯ ನಂತರ 17 ದಿನಕ್ಕೆ ಏರಿಸಿದ್ದರು.

ಮೂರನೆಯದು ಕೊರಿಯರ್. ದುಬಾರಿ, ಆದರೆ ಹೆಚ್ಚಿನವರು ಕೊನೆಗೆ ಇದಕ್ಕೇ ಬಂದರು. ತೊಡಕು ಎಲ್ಲಿ ಅಂದರೆ, ಎಷ್ಟೋ ಚುನಾವಣಾ ಕಚೇರಿಗಳು ಕೊಡೋ ವಿಳಾಸ ಪೋಸ್ಟ್ ಬಾಕ್ಸ್ ಸಂಖ್ಯೆ. ಖಾಸಗಿ ಕೊರಿಯರ್ ಅಲ್ಲಿಗೆ ತಲುಪಿಸಲ್ಲ. ಕಚೇರಿಯ ಬೀದಿ ವಿಳಾಸ, ಫೋನ್ ನಂಬರ್ ಬೇರೆಯಾಗಿ ಹುಡುಕಬೇಕು. ಒಬ್ಬರು "ಎಲ್ಲರ ಕವರ್ ಒಂದೇ ಪಾರ್ಸೆಲ್ ಮಾಡಿ ಅಲ್ಲಿರೋ ನನ್ನ ಮಗನಿಗೆ ಕಳಿಸೋಣ, ಅವನು ಅಂಚೆಗೆ ಹಾಕ್ತಾನೆ, ದುಡ್ಡು ಉಳಿಯುತ್ತೆ" ಅಂದರು. ಕೇಳೋಕೆ ಚೆನ್ನಾಗಿದೆ. ಆದರೆ ಕೆಲವು ರಾಜ್ಯಗಳಲ್ಲಿ ಇನ್ನೊಬ್ಬರ ಮತಪತ್ರ ಒಯ್ಯೋದೇ ಅಪರಾಧ. ಬೇಡವೇ ಬೇಡ ಅಂದೆವು.

ಸಹಿಯ ಕಥೆ ಬೇರೆ. ಮೈಸೂರಿನ ಒಬ್ಬ ಅಮ್ಮ ಕ್ಯಾಲಿಫೋರ್ನಿಯಾದಲ್ಲಿ ನೋಂದಣಿ ಮಾಡಿಸಿದಾಗ ಕನ್ನಡದಲ್ಲಿ ಸಹಿ ಹಾಕಿದ್ದರು, ಅವರ ಎಲ್ಲಾ ಕಾಗದದಲ್ಲೂ ಹಾಗೇ. ಈಗ ಮಗಳು "ಅಮೆರಿಕದ ಫಾರಂ ಅಲ್ವಾ ಅಮ್ಮಾ, ಇಂಗ್ಲಿಷಿನಲ್ಲಿ ಹಾಕು" ಅಂತ ಕೂತುಬಿಟ್ಟಿದ್ದಳು. ವಿಡಿಯೋ ಕಾಲಿನಲ್ಲಿ ನೋಡಿ ತಡೆದೆ. ಅಲ್ಲಿ ಕವರಿನ ಮೇಲಿನ ಸಹಿಯನ್ನು ದಾಖಲೆಯ ಸಹಿ ಜೊತೆ ಹೋಲಿಸ್ತಾರೆ. ಹಳೇದು ಕನ್ನಡ ಆದರೆ ಹೊಸದೂ ಕನ್ನಡವೇ. ಫ್ಯಾಕ್ಸ್ ಮಾಡೋರು ಇನ್ನೊಂದು ಹಾಳೆಗೂ ಸಹಿ ಹಾಕಬೇಕು, ನನ್ನ ಓಟು ಗುಟ್ಟಾಗಿ ಉಳಿಯದೆ ಇರಬಹುದು, ಒಪ್ಪಿಗೆ ಇದೆ ಅಂತ. ಇದನ್ನು ಓದಿ ಕೆಲವರು ಬೇಜಾರಾಗಿ ಕೊರಿಯರ್‌ಗೇ ಹೋದರು. ಅದು ಅವರ ಹಕ್ಕು.

ಮತಪತ್ರ ಬರಲೇ ಇಲ್ಲ ಅಂದರೆ ಬದಲಿ ಮತಪತ್ರ ಒಂದಿದೆ, ಇಳಿಸಿಕೊಂಡು ಅಭ್ಯರ್ಥಿ ಹೆಸರು ನಾವೇ ಬರೆದು ಕಳಿಸಬಹುದು. ಆಮೇಲೆ ಅಸಲಿ ಬಂದರೆ ಅದನ್ನೂ ಕಳಿಸಿ, ಗಡುವಿನೊಳಗೆ ಅಸಲಿ ಮುಟ್ಟಿದರೆ ಅದನ್ನೇ ಎಣಿಸ್ತಾರೆ.

ಬೇರೆ ದೇಶಗಳದ್ದೂ ನೋಡಿ. ದಕ್ಷಿಣ ಕೊರಿಯಾದವರು ಹೊರದೇಶದಲ್ಲಿದ್ದರೆ ರಾಯಭಾರ ಕಚೇರಿಗೇ ಹೋಗಿ ಓಟು ಹಾಕಬೇಕು. 2020ರ ಏಪ್ರಿಲ್ ಚುನಾವಣೆಗೆ ಸೋಂಕಿನ ಕಾರಣ ಎಷ್ಟೋ ದೇಶಗಳಲ್ಲಿ ಅದನ್ನೇ ನಿಲ್ಲಿಸಿದರು, ನೋಂದಾಯಿಸಿದವರಲ್ಲಿ ಸುಮಾರು ಅರ್ಧ ಜನಕ್ಕೆ ಅವಕಾಶವೇ ತಪ್ಪಿತು. ನ್ಯೂಜಿಲೆಂಡ್‌ನಲ್ಲಿ ಮತಪತ್ರ ಇಳಿಸಿಕೊಂಡು, ತುಂಬಿ, ಫೋಟೋ ತೆಗೆದು ಅಪ್‌ಲೋಡ್ ಮಾಡಿದರೆ ಆಯ್ತು. ನನ್ನ ಕೇಳಿದರೆ ಅದೇ ಸರಿ.

ಇನ್ನು ನಮ್ಮದು. ಎನ್‌ಆರ್‌ಐ ಫಾರಂ 6ಎ ತುಂಬಿ ಹೆಸರು ಸೇರಿಸಬಹುದು, ಓಟು ಹಾಕೋಕೆ ಮಾತ್ರ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ಸೈನಿಕರಿಗೆ ಆನ್‌ಲೈನಲ್ಲಿ ಮತಪತ್ರ ಕಳಿಸೋ ವ್ಯವಸ್ಥೆ ಇದೆ, ಅದನ್ನೇ ಎನ್‌ಆರ್‌ಐಗಳಿಗೂ ಕೊಡೋಣ ಅಂತ ಚುನಾವಣಾ ಆಯೋಗ 2020ರ ನವೆಂಬರಿನಲ್ಲಿ ಕಾನೂನು ಸಚಿವಾಲಯಕ್ಕೆ ಬರೆದಿತ್ತು. ಆದರೆ ಅದೂ ಹೋಗೋದು ಆನ್‌ಲೈನ್, ವಾಪಸ್ ಬರೋದು ಅಂಚೆಯಲ್ಲಿ. ನಮ್ಮ ವಿಧಾನಸಭೆ ಚುನಾವಣೆಯನ್ನೇ ತಗೊಳ್ಳಿ. 2023ರಲ್ಲಿ ನಾಮಪತ್ರ ವಾಪಸ್ ಪಡೆಯೋ ಕೊನೇ ದಿನ ಏಪ್ರಿಲ್ 24, ಎಣಿಕೆ ಮೇ 13. ಅಭ್ಯರ್ಥಿಗಳ ಪಟ್ಟಿ ಅಂತಿಮವಾಗದೆ ಮತಪತ್ರ ಅಚ್ಚಾಗಲ್ಲ. ಅಂದರೆ ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರೋರು ಇಳಿಸಿಕೊಂಡು, ತುಂಬಿ, ಅಂಚೆಗೆ ಹಾಕಿ, ಅದು ಎಣಿಕೆಯ ಬೆಳಿಗ್ಗೆ ಎಂಟರೊಳಗೆ ಇಲ್ಲಿ ಮುಟ್ಟೋಕೆ ಮೂರು ವಾರವೂ ಇಲ್ಲ. ವಿಮಾನಗಳು ಸರಿಯಾಗಿ ಹಾರಾಡೋ ವರ್ಷದಲ್ಲೇ ಇದು ಕಷ್ಟ. ಅಪ್‌ಲೋಡ್ ಒಪ್ಪಬೇಕು, ಇಲ್ಲಾ ವೇಳಾಪಟ್ಟಿ ಹಿಗ್ಗಿಸಬೇಕು. ಎರಡೂ ಮಾಡದೆ ಅಂಚೆ ಮತ ಕೊಟ್ಟರೆ ಅರ್ಧ ಕವರ್ ಎಣಿಕೆ ಮುಗಿದ ಮೇಲೆ ಬರ್ತವೆ.